ಜೇಮ್ಸ್ ಜೆ. ಹಿಲ್

ಜೇಮ್ಸ್ ಜೆರೋಮ್ ಹಿಲ್ (ಸೆಪ್ಟೆಂಬರ್ 16, 1838 – ಮೇ 29, 1916) ಅಮೆರಿಕ ಸಂಯುಕ್ತ ಸಂಸ್ಥಾನದ ರೈಲ್ವೆ ಉದ್ಯಮಿ, ಗ್ರೇಟ್ ನಾರ್ದರ್ನ್ ರೈಲ್ವೆಯ ನಿರ್ಮಾತೃ. ‘ಸಾಮ್ರಾಜ್ಯ ನಿರ್ಮಾಪಕ’ ಎಂಬ ಬಿರುದಿನಿಂದ ಖ್ಯಾತರು. ಪೈಪೋಟಿಯಲ್ಲಿರುವ ದೊಡ್ಡ ರೈಲ್ವೆ ಕಂಪನಿಗಳು ವಿಲೀನಗೊಳ್ಳಬೇಕೆ ಅಥವಾ ಬೇರೆಯಾಗಿದ್ದುಕೊಂಡೇ ಸಹಕರಿಸಿದರೆ ಸಾಕೆ ಎಂಬ ಪ್ರಶ್ನೆಯೊಡನೆ ಇವರ ಹೆಸರು ಬೆಸೆದುಕೊಂಡಿದೆ.

ಆರಂಭಿಕ ಜೀವನ

ಹಿಲ್ ಹುಟ್ಟಿದ್ದು ಕೆನಡಾದ ಇಂದಿನ ಒಂಟಾರಿಯೊ ಪ್ರಾಂತದ ರಾಕ್‌ವುಡ್ ಬಳಿ. ಬಾಲ್ಯದಲ್ಲಿ ಬಿಲ್ಲುಬಾಣದ ಅವಘಡದಿಂದ ಬಲಗಣ್ಣಿನ ದೃಷ್ಟಿ ಹೋಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡದ್ದರಿಂದ ಶಾಲೆ ಬಿಡಬೇಕಾಯಿತು. 1856ರಲ್ಲಿ ಮಿನೆಸೋಟಾದ ಸೇಂಟ್ ಪಾಲ್‌ಗೆ ಬಂದು, ಮಿಸಿಸಿಪ್ಪಿ ನದಿಯ ಉಗಿಹಡಗುಗಳ ಸರಕಿನ ಲೆಕ್ಕ ನೋಡುವ ಗುಮಾಸ್ತರಾದರು. ಸರಕು ಸಾಗಣೆಯ ಒಳಮರ್ಮಗಳನ್ನು ಕಲಿತದ್ದು ಅಲ್ಲಿಯೇ.

ಗ್ರೇಟ್ ನಾರ್ದರ್ನ್

1878ರಲ್ಲಿ ಪಾಲುದಾರರೊಡನೆ ಸೇರಿ, ದಿವಾಳಿಯಾಗಿದ್ದ ಸೇಂಟ್ ಪಾಲ್ ಅಂಡ್ ಪೆಸಿಫಿಕ್ ರೈಲ್ವೆಯನ್ನು ವಶಪಡಿಸಿಕೊಂಡು ಪಶ್ಚಿಮಕ್ಕೆ ವಿಸ್ತರಿಸುತ್ತ ಹೋದರು. 1893ರಲ್ಲಿ ಹಳಿ ಪೆಸಿಫಿಕ್ ಕರಾವಳಿಯ ಸಿಯಾಟಲ್ ಮುಟ್ಟಿತು. ಏರು ಮತ್ತು ತಿರುವು ಕಡಿಮೆಯಿದ್ದಷ್ಟೂ ಒಂದೇ ಎಂಜಿನ್ ಹೆಚ್ಚು ಭಾರ ಎಳೆಯುತ್ತದೆ ಎಂಬುದು ಇವರ ಲೆಕ್ಕಾಚಾರವಾಗಿತ್ತು. ಮಾರ್ಗದ ಒಂದು ಭಾಗ ಮೂಲನಿವಾಸಿಗಳ ಮೀಸಲು ನೆಲದ ಮೂಲಕ ಹಾದುಹೋಯಿತೆಂಬುದನ್ನು ಇವರ ಪ್ರಶಂಸಕರು ಬಹುಮಟ್ಟಿಗೆ ಮರೆಯುತ್ತಾರೆ.

ವಿಲೀನದ ಯತ್ನಗಳು

ಇದಕ್ಕೆ ಸಮಾನಾಂತರವಾಗಿದ್ದ ನಾರ್ದರ್ನ್ ಪೆಸಿಫಿಕ್ ಕಂಪನಿ 1893ರ ಆರ್ಥಿಕ ಬಿಕ್ಕಟ್ಟಿನಲ್ಲಿ ದಿವಾಳಿಯಾಯಿತು. ಅದನ್ನು ಹತೋಟಿಗೆ ತರಲು ಹಿಲ್ ಮಾಡಿಕೊಂಡ ಒಪ್ಪಂದವನ್ನು 1896ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಸಮಾನಾಂತರ ಮಾರ್ಗಗಳು ಒಂದಾಗುವುದನ್ನು ಮಿನೆಸೋಟಾದ ಕಾನೂನು ನಿಷೇಧಿಸಿತ್ತು. ಆಗ ಹಿಲ್ ಹಾಗೂ ಬ್ಯಾಂಕರ್ ಜೆ. ಪಿ. ಮಾರ್ಗನ್ ಸಹಕಾರದ ದಾರಿ ಹಿಡಿದರು. ಕಂಪನಿಗಳು ಬೇರೆಯಾಗಿಯೇ ಉಳಿದವು. ಹಿಲ್ ಬಳಗ ವೈಯಕ್ತಿಕವಾಗಿ ಷೇರು ಕೊಂಡಿತು. ಪರಸ್ಪರ ಪೈಪೋಟಿ ಬೇಡವೆಂಬ ತಿಳಿವಳಿಕೆ ಏರ್ಪಟ್ಟಿತು.

ಈ ಏರ್ಪಾಡಿನ ದೌರ್ಬಲ್ಯ 1901ರಲ್ಲಿ ಬಯಲಾಯಿತು. ಪಶ್ಚಿಮದ ಮರಮುಟ್ಟನ್ನು ಒಯ್ಯಲು ಷಿಕಾಗೋವರೆಗಿನ ಹಳಿ ಬೇಕಾಗಿದ್ದುದರಿಂದ ಎರಡೂ ಕಂಪನಿಗಳು ಜಂಟಿಯಾಗಿ ಬರ್ಲಿಂಗ್‌ಟನ್ ರೈಲ್ವೆಯನ್ನು ಕೊಂಡವು. ಅದರಲ್ಲಿ ಪಾಲು ಕೇಳಿ ನಿರಾಕರಿಸಲ್ಪಟ್ಟ ಯೂನಿಯನ್ ಪೆಸಿಫಿಕ್‌ನ ಇ. ಎಚ್. ಹ್ಯಾರಿಮನ್, ನಾರ್ದರ್ನ್ ಪೆಸಿಫಿಕ್‌ನ ಷೇರುಗಳನ್ನೇ ಗುಟ್ಟಾಗಿ ಖರೀದಿಸತೊಡಗಿದರು. ಬರ್ಲಿಂಗ್‌ಟನ್ನಿನ ಅರ್ಧ ಪಾಲು ಆ ಕಂಪನಿಯದಾಗಿತ್ತಲ್ಲ! ಮೇ 9ರಂದು ಅದರ ಷೇರಿನ ಬೆಲೆ 1,000 ಡಾಲರಿಗೆ ಏರಿ ನ್ಯೂಯಾರ್ಕ್ ಪೇಟೆ ತಲ್ಲಣಿಸಿತು. ಹಿಲ್ ಬಳಗ ಕೂದಲೆಳೆಯಲ್ಲಿ ಹಿಡಿತ ಉಳಿಸಿಕೊಂಡಿತು. ಕೇವಲ ತಿಳಿವಳಿಕೆಯ ಮೇಲೆ ನಿಂತ ಸಹಕಾರವನ್ನು ಪೇಟೆಯಲ್ಲಿ ಯಾರು ಬೇಕಾದರೂ ಕೊಂಡು ಮುರಿಯಬಹುದಿತ್ತು.

ಆದ್ದರಿಂದ ಅದೇ ವರ್ಷ ನವೆಂಬರಿನಲ್ಲಿ 40 ಕೋಟಿ ಡಾಲರ್ ಬಂಡವಾಳದ ನಾರ್ದರ್ನ್ ಸೆಕ್ಯುರಿಟೀಸ್ ಕಂಪನಿ ಹುಟ್ಟಿತು. ಎರಡೂ ರೈಲ್ವೆಗಳ ಷೇರುಗಳನ್ನು ಅದು ತನ್ನಲ್ಲಿರಿಸಿಕೊಂಡಿತು. ರೈತರೂ ವ್ಯಾಪಾರಿಗಳೂ ಏಕಸ್ವಾಮ್ಯದಿಂದ ಸಾಗಣೆ ದರ ಏರೀತೆಂದು ಅಂಜಿದರು. ದಕ್ಷತೆ ಹೆಚ್ಚಿದರೆ ದರ ಇಳಿಯುತ್ತದೆಂಬುದು ಹಿಲ್ ವಾದ. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರ ಸರ್ಕಾರ 1902ರಲ್ಲಿ ಮೊಕದ್ದಮೆ ಹೂಡಿತು. 1904ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸರ್ಕಾರದ ಪರ ತೀರ್ಪಿತ್ತಿತು, ಕಂಪನಿ ವಿಸರ್ಜನೆಯಾಯಿತು.

ಕೊನೆಯ ವರ್ಷಗಳು

ತೀರ್ಪಿನ ನಂತರವೂ ಸಹಕಾರ ನಿಲ್ಲಲಿಲ್ಲ. ಬರ್ಲಿಂಗ್‌ಟನ್ ಜಂಟಿ ಒಡೆತನದಲ್ಲಿಯೇ ಉಳಿಯಿತು. ಸ್ಪೋಕೇನ್‌ನಿಂದ ಪೋರ್ಟ್‌ಲ್ಯಾಂಡ್‌ವರೆಗಿನ ಹೊಸ ಮಾರ್ಗವನ್ನು ಎರಡೂ ಕಂಪನಿಗಳು ಕೂಡಿಯೇ ನಿರ್ಮಿಸಿದವು. ಸೇಂಟ್ ಪಾಲ್‌ನಲ್ಲಿ ಇವೆರಡರ ಕೇಂದ್ರ ಕಚೇರಿಗಳು ಒಂದೇ ಕಟ್ಟಡದಲ್ಲಿದ್ದು, ನಡುವೆ ಗೋಡೆಯೊಂದು ಅವನ್ನು ಬೇರ್ಪಡಿಸಿತ್ತು. ಆ ಕಟ್ಟಡ ಮುಗಿದ 1916ರಲ್ಲಿಯೇ ಹಿಲ್ ಅದೇ ನಗರದಲ್ಲಿ ನಿಧನರಾದರು. ಅವರು ಬಯಸಿದ್ದ ವಿಲೀನ ಸಾಧ್ಯವಾದದ್ದು 1970ರ ಮಾರ್ಚ್‌ನಲ್ಲಿ, ಬರ್ಲಿಂಗ್‌ಟನ್ ನಾರ್ದರ್ನ್ ಎಂಬ ಹೆಸರಿನಲ್ಲಿ.