ಆಮಿ ಜಾನ್ಸನ್: 11,000 ಮೈಲಿಗಳ ಒಂಟಿ ಪಯಣ

ಲಂಡನ್ನಿನಿಂದ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನ 2018ರಲ್ಲಿ ಆರಂಭವಾಯಿತು. ಸುಮಾರು 17 ಗಂಟೆಗಳ ಪ್ರಯಾಣ. ಅದೇ ಖಂಡದ ಉತ್ತರದ ಅಂಚಿನಲ್ಲಿರುವ ಡಾರ್ವಿನ್ನನ್ನು ಮುಟ್ಟಲು 1930ರಲ್ಲಿ ಆಮಿ ಜಾನ್ಸನ್ ಎಂಬ ತರುಣಿಗೆ ಹತ್ತೊಂಬತ್ತೂವರೆ ದಿನ ಹಿಡಿಯಿತು. ಆ ದಿನಗಳೆಲ್ಲ ಎಲ್ಲಿ ಕಳೆದವೆಂದು ಅರಿತರೆ ಆಕೆಯನ್ನೇ ಅರಿತಂತೆ ಎಂದು ನನಗೆ ತೋರುತ್ತದೆ.

ಈಕೆ 1903ರಲ್ಲಿ ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಮೀನು ವ್ಯಾಪಾರಿಯೊಬ್ಬನ ಮಗಳಾಗಿ ಜನಿಸಿದಳು. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಪದವಿ ಪಡೆದಳು. ನಮ್ಮಂತೆ ಕಲಾವಿಭಾಗದವಳೇ! ಲಂಡನ್ನಿನಲ್ಲಿ ವಕೀಲರ ಕಛೇರಿಯೊಂದರಲ್ಲಿ ಟೈಪು ಮಾಡುತ್ತ, ಬಿಡುವಿನ ವೇಳೆಯಲ್ಲಿ ವಿಮಾನ ನಡೆಸಲು ಕಲಿತಳು. 1929ರಲ್ಲಿ ಚಾಲಕಿಯ ಪರವಾನಗಿ ದೊರೆಯಿತು. ಅಷ್ಟಕ್ಕೇ ತೃಪ್ತಳಾಗದೆ ಕೈಗೆ ಎಣ್ಣೆ ಮೆತ್ತಿಕೊಂಡು ವಿಮಾನ ದುರಸ್ತಿಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದಳು. ಮುಂದೆ ಆಕೆಯ ಕೈ ಹಿಡಿದದ್ದು ಈ ವಿದ್ಯೆಯೇ.

ತಂದೆಯೂ, ಎಣ್ಣೆ ವ್ಯಾಪಾರದ ಲಾರ್ಡ್ ವೇಕ್‌ಫೀಲ್ಡನೂ ಕೊಟ್ಟ ಹಣದಿಂದ 600 ಪೌಂಡಿಗೆ ಹಳೆಯದೊಂದು ಜಿಪ್ಸಿ ಮಾತ್ ವಿಮಾನವನ್ನು ಕೊಂಡು, 'ಜೇಸನ್' ಎಂದು ಹೆಸರಿಟ್ಟಳು. 1930ರ ಮೇ 5ರಂದು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಒಬ್ಬಳೇ ಹೊರಟಳು. ಆಗ ವಯಸ್ಸು ಇಪ್ಪತ್ತಾರು.

ಗಂಟೆಗೆ 80 ಮೈಲಿ ವೇಗವೆಂದು ಹಿಡಿದು ನಾನು ಲೆಕ್ಕ ಹಾಕಿ ನೋಡಿದೆ. 11,000 ಮೈಲಿಗೆ 138 ಗಂಟೆ ಸಾಕು. ಆರು ದಿನವೂ ಬೇಡ. ಆದರೆ ಆ ಪುಟ್ಟ ವಿಮಾನಕ್ಕೆ ಮೇಲೆ ಛಾವಣಿಯಿಲ್ಲ, ಪೆಟ್ರೋಲು ಬಹು ದೂರಕ್ಕೆ ಸಾಲದು, ದಾರಿ ತೋರಲು ನಕ್ಷೆ ಮತ್ತು ದಿಕ್ಸೂಚಿಯಷ್ಟೇ. ಬಾಗ್ದಾದಿನ ಹಾದಿಯಲ್ಲಿ ಮರಳ ಬಿರುಗಾಳಿ ಆಕೆಯನ್ನು ಮರುಭೂಮಿಗೆ ಇಳಿಸಿತು. ಆದರೂ ಆರನೆಯ ದಿನ ಕರಾಚಿ ತಲುಪಿದಾಗ, 1928ರಲ್ಲಿ ಇದೇ ದಾರಿಯಲ್ಲಿ ಬಂದ ಹಿಂಕ್ಲರನಿಗಿಂತ ಎರಡು ದಿನ ಮುಂದಿದ್ದಳು. ದಾಖಲೆ ಕೈಗೆ ಸಿಕ್ಕಂತೆಯೇ ಇತ್ತು.

ಅಲ್ಲಿಂದ ಮುಂದೆ ಕಷ್ಟಗಳ ಸಾಲು. ಪೆಟ್ರೋಲು ತೀರಿ ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿದು ರೆಕ್ಕೆಗೆ ಪೆಟ್ಟಾಯಿತು. ಬರ್ಮಾದಲ್ಲಿ ಮಳೆ ಕವಿದು ರಂಗೂನಿನ ಕುದುರೆ ಪಂದ್ಯದ ಬಯಲು ಕಾಣದೆ, ಪಕ್ಕದ ಇನ್ಸೇನಿನ ಆಟದ ಮೈದಾನದಲ್ಲಿ ಇಳಿದು ವಿಮಾನ ಹಳ್ಳಕ್ಕೆ ನುಗ್ಗಿತು. ಅಲ್ಲಿನ ತಾಂತ್ರಿಕ ವಿದ್ಯಾಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಕೆಯೊಡನೆ ಸೇರಿ ಅದನ್ನು ಮತ್ತೆ ಹಾರುವಂತೆ ಮಾಡಿದರು. ಯುದ್ಧಕಾಲದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ಬಿಚ್ಚಿ ಹರಿದ ರೆಕ್ಕೆಗೆ ತೇಪೆ ಹಾಕಿದರಂತೆ! ಸುಮಾರು ಮೂರು ದಿನ ಅಲ್ಲಿಯೇ ಕಳೆಯಿತು.

ಮೇ 24ರಂದು ಡಾರ್ವಿನ್ನಿನಲ್ಲಿ ಇಳಿದಳು. ಹಿಂಕ್ಲರನ ಹದಿನೈದೂವರೆ ದಿನಗಳ ದಾಖಲೆ ಹಾಗೆಯೇ ಉಳಿಯಿತು. ಆದರೂ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ ಈಕೆಯೇ. 'ಜೇಸನ್' ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸಕ್ಕೆ ಸೇರಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡಿನ ಬಳಿಗೆ ಹೊರಟಳು. ಸುಮಾರು ಒಂದೂವರೆ ಗಂಟೆಯ ಹಾದಿ. ಹವೆ ಕೆಟ್ಟಿತ್ತು. ಮೂರೂವರೆ ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ, ಗುರಿಯಿಂದ ಬಹುದೂರ, ಥೇಮ್ಸ್ ನದಿ ಕಡಲು ಸೇರುವಲ್ಲಿ ಪ್ಯಾರಾಷೂಟಿನಿಂದ ಇಳಿದಳು. ರಕ್ಷಿಸಲು ನೀರಿಗೆ ಹಾರಿದ ನೌಕಾಧಿಕಾರಿ ಫ್ಲೆಚರನೂ ಪ್ರಾಣ ಕಳೆದುಕೊಂಡ. ಆಕೆಯ ದೇಹ ಇಂದಿಗೂ ಸಿಕ್ಕಿಲ್ಲ.