ಥಗ್ಗರ ಕಥೆ ಬರೆದ ಟೇಲರ್ ಸಾಹೇಬರು: 931 ಕೊಲೆಯ ಮೆಸೇಜ್ ಫಾರ್ವರ್ಡ್ ಮಾಡುವ ಮುನ್ನ ಓದಿ

ಥಗ್ಗ ಬೆಹ್ರಾಮ್ ಒಬ್ಬನೇ ಬಟ್ಟೆಯಿಂದ ಕುತ್ತಿಗೆ ಬಿಗಿದು 931 ಜನರನ್ನು ಕೊಂದ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ನಿಜವೇ? 1830ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಪೇಟನ್ ದಾಖಲಿಸಿದ ಹೇಳಿಕೆಗಳ ಪ್ರಕಾರ, 931 ಎಂಬುದು ಅವನಿದ್ದ ತಂಡಗಳು ಮಾಡಿದ ಕೊಲೆಗಳ ಲೆಕ್ಕ. ಕೈಯಾರೆ ಕೊಂದದ್ದು ಸುಮಾರು 125 ಎಂದು ಅವನೇ ಹೇಳಿದ್ದ. ಅದೂ ಬಾಯಿಮಾತೇ.

ಥಗ್ಗರನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಒಬ್ಬರು ನಮಗೆ ಹತ್ತಿರದ ಸುರಪುರದಲ್ಲೇ ಇದ್ದರು. ಅವರೇ ಫಿಲಿಪ್ ಮೆಡೋಸ್ ಟೇಲರ್.

ಗುಮಾಸ್ತನಾಗಲು ಬಂದ ಹುಡುಗ

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್, 15ನೇ ವಯಸ್ಸಿನಲ್ಲಿ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಮುಂಬೈಗೆ ಬಂದರು. ಹೇಳಿದಷ್ಟು ದೊಡ್ಡ ವ್ಯಾಪಾರ ಅಲ್ಲಿರಲಿಲ್ಲ. 1824ರಲ್ಲಿ ಹೈದರಾಬಾದ್ ನಿಜಾಮರ ಸೈನ್ಯ ಸೇರಿ, ಮುಂದೆ ಪೊಲೀಸ್ ಕೆಲಸವನ್ನೂ ಮಾಡಿದರು. ಸಿಕ್ಕಿಬಿದ್ದ ಥಗ್ಗರ ಹೇಳಿಕೆಗಳನ್ನು ಬರೆದುಕೊಂಡರು. ಅದರ ಆಧಾರದ ಮೇಲೆ 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಪ್ರಕಟಿಸಿದರು. ಅದರ ನಾಯಕ ಅಮೀರ್ ಅಲಿ 719 ಕೊಲೆ ಮಾಡಿದವನು. ಕಾದಂಬರಿಯನ್ನು ಅನೇಕರು ವರದಿಯಂತೆಯೇ ಓದಿದರು.

ಎಡವಟ್ಟು ಎಲ್ಲಿ?

ಹೇಳಿಕೆ ಕೊಟ್ಟವರಲ್ಲಿ ಹೆಚ್ಚಿನವರು ಮಾಫಿಸಾಕ್ಷಿಗಳು. ಬಾಯಿಬಿಟ್ಟರೆ ಗಲ್ಲು ತಪ್ಪುತ್ತಿತ್ತು. ಅಂಥವರು ಕೇಳುವವರಿಗೆ ಬೇಕಾದದ್ದನ್ನೇ ಹೇಳುವ ಸಾಧ್ಯತೆ ಇರುತ್ತದೆ. ಹಾಗೆಂದು ಎಲ್ಲವೂ ಸುಳ್ಳಲ್ಲ. ಅವರು ತೋರಿಸಿದ ಜಾಗ ಅಗೆದಾಗ ಹೆಣಗಳು ಸಿಕ್ಕವು. ಅದು ಪುರಾವೆ. ಆದರೆ ಥಗ್ಗರೆಲ್ಲ ದೇಶವ್ಯಾಪಿಯಾದ, ವಂಶಪಾರಂಪರ್ಯದ ಒಂದೇ ಪಂಥ ಎಂಬ ಮಾತಿಗೆ ಅಂಥ ಗಟ್ಟಿ ಪುರಾವೆ ಇರಲಿಲ್ಲ. ಇತಿಹಾಸಕಾರರು ಇಂದಿಗೂ ಆ ಬಗ್ಗೆ ವಾದಿಸುತ್ತಿದ್ದಾರೆ. ಇಷ್ಟಾದರೂ 1836ರ ಕಾಯ್ದೆ, ಥಗ್ಗರ ತಂಡಕ್ಕೆ ಸೇರಿದವನು ಎಂದಷ್ಟೇ ಸಾಬೀತಾದರೂ ಜೀವಾವಧಿ ಶಿಕ್ಷೆ ಎಂದಿತು.

ಅದೇ ಟೇಲರ್, ಬೇರೆ ವಿಧಾನ

1841ರಿಂದ 1853ರವರೆಗೆ ಟೇಲರ್ ಸುರಪುರದ ಆಡಳಿತ ನೋಡಿಕೊಂಡರು. ಬಾಲಕ ರಾಜ ವೆಂಕಟಪ್ಪ ನಾಯಕರ ಪಾಲಕರೂ ಅವರೇ. ಅಲ್ಲಿ ಹಳೆಯ ಕಲ್ಲಿನ ಸಮಾಧಿಗಳು ಅವರ ಕಣ್ಣಿಗೆ ಬಿದ್ದವು. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಗುಡ್ಡದಲ್ಲಿ ಕಾಣುವ ಬೃಹತ್ ಶಿಲಾ ಸಮಾಧಿಗಳಂಥವೇ ಅವೂ. ಟೇಲರ್ ಅವನ್ನು ಅಗೆಸಿ, ಅಳತೆ ತೆಗೆದು, ಯಾವ ಪದರದಲ್ಲಿ ಏನಿತ್ತೆಂದು ಚಿತ್ರ ಬರೆದಿಟ್ಟರು. ನೂರು ವರ್ಷಗಳ ಬಳಿಕ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿದರು. ಕಾರಣ ಸರಳ: ಕಂಡದ್ದನ್ನು ಬೇರೆಯವರೂ ಪರೀಕ್ಷಿಸುವಂತೆ ಬರೆದಿಟ್ಟಿದ್ದರು.

ಟೇಲರ್ 1876ರಲ್ಲಿ ಫ್ರಾನ್ಸ್‌ನ ಮೆಂಟನ್‌ನಲ್ಲಿ ತೀರಿಕೊಂಡರು.

ಇದರಿಂದ ನಮಗೇನು?

ಹುಟ್ಟಿನಿಂದಲೇ ಅಪರಾಧಿ ಎಂಬ ನಂಬಿಕೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಾಯಿತು. ಇಡೀ ಸಮುದಾಯಗಳಿಗೆ ಕಳ್ಳರ ಹಣೆಪಟ್ಟಿ ಬಿತ್ತು. ಬಾಗಲಕೋಟೆಯೂ ಸೇರಿದ್ದ ಅಂದಿನ ಬಿಜಾಪುರ ಜಿಲ್ಲೆಯಲ್ಲಿ, ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು 'ಸೆಟ್ಲಮೆಂಟ್'ಗಳಲ್ಲಿ ಇರಿಸಲಾಯಿತು. ಹಣೆಪಟ್ಟಿ ಕಾನೂನಿನಿಂದ ಹೋದದ್ದು 1952ರಲ್ಲಿ. ಜನರ ಬಾಯಿಂದ ಇನ್ನೂ ಪೂರ್ತಿ ಹೋಗಿಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಅಮಾಯಕ ಯುವಕನೊಬ್ಬನನ್ನು ಹೊಡೆದು ಕೊಂದಿತು.

ಆದ್ದರಿಂದ ಬಾದಾಮಿಯಲ್ಲೋ ಇಳಕಲ್ಲಿನಲ್ಲೋ ಕಳ್ಳರ ಗ್ಯಾಂಗ್ ಬಂದಿದೆ ಎಂಬ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು, ಅವರಿಗೇನು ಲಾಭ? ಬೇರೆ ಕಡೆಯಿಂದ ಪುರಾವೆ ಇದೆಯೇ? ಒಬ್ಬನ ತಪ್ಪನ್ನು ಇಡೀ ಸಮುದಾಯಕ್ಕೆ ಕಟ್ಟುತ್ತಿದ್ದಾರೆಯೇ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ, ಪೊಲೀಸರಿಗೆ 112ಕ್ಕೆ ಕರೆ ಮಾಡಿ.