ಕಮ್ಮಾರನ ಮಗ ಫ್ಯಾರಡೆ ಮತ್ತು ನಮ್ಮ ಗ್ರಾಫೀನ್

ನಮ್ಮೂರು ರೋಣ. ದೀಪಾವಳಿ ರಜೆಗೆ ಊರಿಗೆ ಹೋದಾಗ ನರಗುಂದದಿಂದ ಅತ್ತೆಯ ಮಗ, ಗಜೇಂದ್ರಗಡದಿಂದ ಮಾವನ ಮಗಳು ಬಂದಿದ್ರು. ಇಬ್ಬರೂ ಹೈಸ್ಕೂಲು. ಒಂದು ಗ್ಲಾಸ್ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ, ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್ ಅದರಲ್ಲಿ ನಿಲ್ಲಿಸಿ, 9 ವೋಲ್ಟ್ ಬ್ಯಾಟರಿಗೆ ವೈರ್ ಜೋಡಿಸಿ ತೋರಿಸಿದೆ. ಗುಳ್ಳೆ ಎದ್ದವು. ಇದು ಆನೋಡ್, ಅದು ಕ್ಯಾಥೋಡ್ ಅಂತ ದೊಡ್ಡ ಇಂಜಿನಿಯರ್ ಥರ ಹೇಳಿದೆ. ಈ ಹೆಸರು ಇಟ್ಟವರು ಯಾರು ಅಂತ ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ವೈವಾಕ್ಕೆ ಫ್ಯಾರಡೆಯ ಎರಡೂ ನಿಯಮ ಬಾಯಿಪಾಠ ಮಾಡಿದ್ದೆ. ಆ ಮನುಷ್ಯ ಯಾರು ಅಂತ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಓದಿಕೊಂಡಿದ್ದನ್ನು ಇಲ್ಲಿ ಬರೆದಿದ್ದೀನಿ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಪಕ್ಕದಲ್ಲಿ. ಅಪ್ಪ ಕಮ್ಮಾರ, ಮೇಲಾಗಿ ಕಾಯಿಲೆಯ ಮನುಷ್ಯ. ಮನೆಯಲ್ಲಿ ಬಡತನ. ಓದು, ಬರಹ, ಕೂಡಿ ಕಳೆಯೋ ಲೆಕ್ಕ ಬರುವಷ್ಟರಲ್ಲಿ ಶಾಲೆ ಮುಗೀತು. ಹದಿನಾಲ್ಕನೇ ವಯಸ್ಸಿಗೆ ಪುಸ್ತಕ ಬೈಂಡ್ ಮಾಡುವ ಅಂಗಡಿಗೆ ಸೇರಿದ. ಏಳು ವರ್ಷ ಅಲ್ಲೇ. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ತು ಮತ್ತು ರಸಾಯನಶಾಸ್ತ್ರದ ಹುಚ್ಚು ಹಿಡಿಸಿಕೊಂಡ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಫ್ಯಾರಡೆ ನೋಟ್ಸ್ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿ ಕೆಲಸ ಕೇಳಿದ. 1813ರ ಮಾರ್ಚ್‌ನಲ್ಲಿ ಲ್ಯಾಬ್ ಸಹಾಯಕನ ಜಾಗ ಖಾಲಿಯಾಗಿ ಇವನಿಗೆ ಸಿಕ್ಕಿತು.

ಅದೇ ವರ್ಷ ಡೇವಿ ದಂಪತಿ ಜೊತೆ ಯುರೋಪ್ ಪ್ರವಾಸ ಹೊರಟ. ಡೇವಿಯ ಸೇವಕ ಬರಲು ಒಪ್ಪದ್ದರಿಂದ ಆ ಕೆಲಸವೂ ಇವನ ತಲೆಗೇ ಬಿತ್ತು. ಡೇವಿಯ ಹೆಂಡತಿ ಇವನನ್ನು ಆಳಿನಂತೆಯೇ ನಡೆಸಿಕೊಂಡಳು. ಬಿಟ್ಟು ಬರೋಣ ಅನ್ನಿಸಿದರೂ ಕಲಿಯೋದು ಬಹಳ ಇತ್ತು, ಉಳಿದ. 1814ರಲ್ಲಿ ಫ್ಲಾರೆನ್ಸ್‌ನಲ್ಲಿ ಗುರು ಶಿಷ್ಯರು ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ, ಆಕ್ಸಿಜನ್‌ನಲ್ಲಿ ವಜ್ರ ಸುಟ್ಟರು. ಸಿಕ್ಕಿದ್ದು ಕಾರ್ಬನ್ ಡೈಆಕ್ಸೈಡ್ ಮಾತ್ರ. ಅಂದ್ರೆ ವಜ್ರವೂ ಗ್ರಾಫೈಟ್ ಥರ ಬರೀ ಕಾರ್ಬನ್.

1825ರಲ್ಲಿ, ದೀಪಕ್ಕೆ ಉರಿಸುವ ಗ್ಯಾಸ್ ತುಂಬುವಾಗ ಉಳಿಯುತ್ತಿದ್ದ ಎಣ್ಣೆಯಿಂದ ಫ್ಯಾರಡೆ ಬೆಂಜೀನ್ ಬೇರ್ಪಡಿಸಿದ. 1831ರಲ್ಲಿ ಕಾಂತದಿಂದ ವಿದ್ಯುತ್ತು ಹುಟ್ಟಿಸಿದ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ಒಳಗೆ ಇರೋದೂ ಅದೇ ತತ್ವ.

1833-34ರಲ್ಲಿ ವಿದ್ಯುದ್ವಿಭಜನೆಯನ್ನು ಅಳೆದ. ಎಷ್ಟು ಕರೆಂಟು ಹಾಯುತ್ತೋ ಅದಕ್ಕೆ ತಕ್ಕಷ್ಟೇ ವಸ್ತು ಬೇರೆಯಾಗುತ್ತೆ ಅಂತ ತೋರಿಸಿದ. ಆಗ ಒಂದು ತೊಂದರೆ ಬಂತು. ಅಲ್ಲಿಯವರೆಗೆ ಎಲ್ಲರೂ ಧ್ರುವ ಅನ್ನುತ್ತಿದ್ದರು. ಆ ಪದ ಕೇಳಿದರೆ ತಂತಿಯ ತುದಿ ಕಾಂತದ ಹಾಗೆ ವಸ್ತುವನ್ನು ಎಳೆಯುತ್ತೆ ಅನ್ನಿಸುತ್ತೆ. ಹಳೇ ಪದ ತಪ್ಪು ಯೋಚನೆ ಕೊಡ್ತಿತ್ತು. ಇವನಿಗೋ ಗ್ರೀಕ್ ಬರದು. ನಾಚಿಕೆಪಡದೆ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಕೇಳಿದ. ಆನೋಡ್, ಕ್ಯಾಥೋಡ್, ಅಯಾನ್ ಬಂದಿದ್ದು ಹಾಗೆ.

ಗಣಿತವೂ ಅವನಿಗೆ ಅಷ್ಟಕ್ಕಷ್ಟೇ. ಆಂಪಿಯರ್‌ನ ಲೆಕ್ಕ ಹಿಡಿಯೋಕೆ ಆಗುತ್ತಿರಲಿಲ್ಲ. ಗಣಿತದ ಒಂದು ಬ್ಯಾಕ್ ಇನ್ನೂ ಉಳಿಸಿಕೊಂಡಿರೋ ನನಗೆ ಇದನ್ನು ಓದಿ ಖುಷಿಯಾಯ್ತು, ಸುಳ್ಳು ಹೇಳಲ್ಲ. ಆಮೇಲೆ ಯೋಚಿಸಿದೆ. ಅವನ ಕೊರತೆ ನಿಜವಾದ ಕೊರತೆಯೇ. ಅವನು ಚಿತ್ರದಲ್ಲಿ ಕಂಡ ಬಲರೇಖೆಗಳನ್ನು ಸಮೀಕರಣ ಮಾಡೋಕೆ ಮ್ಯಾಕ್ಸ್‌ವೆಲ್ ಬರಬೇಕಾಯ್ತು. ಫ್ಯಾರಡೆ ಅದನ್ನು ನೆಪ ಮಾಡಿಕೊಂಡು ಕೂರಲಿಲ್ಲ, ಅಷ್ಟೇ. ಮಾಡೋಕೆ ಬರುವ ಪ್ರಯೋಗವನ್ನು ಸಾವಿರಾರು ಸಲ ಮಾಡಿ ಡೈರಿಯಲ್ಲಿ ಬರೆದಿಟ್ಟ. ಕೊನೆಕೊನೆಗೆ ನೆನಪು ಕೈಕೊಡ್ತು. ಸರ್ ಪದವಿ ಬೇಡ ಅಂದಿದ್ದ. 1867ರ ಆಗಸ್ಟ್ 25ರಂದು ತೀರಿಕೊಂಡ.

ಈಗ ಗ್ರಾಫೀನ್‌ಗೆ ಬರೋಣ. ಗ್ರಾಫೈಟಿನ ಒಂದೇ ಒಂದು ಪದರವೇ ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟು ಟೇಪ್‌ನಿಂದ ಅದನ್ನು ಎತ್ತಿ ತೆಗೆದರು. 2010ರಲ್ಲಿ ನೊಬೆಲ್ ಬಂತು. ಟೇಪ್‌ನಿಂದ ಕಿಲೋಗಟ್ಟಲೆ ಮಾಡೋಕಾಗಲ್ಲವಲ್ಲ. ಅದಕ್ಕೆ ಒಂದು ದಾರಿ ವಿದ್ಯುದ್ವಿಭಜನೆ. ಗ್ರಾಫೈಟ್ ಹಾಳೆಯನ್ನು ಆನೋಡ್ ಮಾಡಿ, ಅಮೋನಿಯಂ ಸಲ್ಫೇಟ್ ಕರಗಿಸಿದ ನೀರಲ್ಲಿಟ್ಟು ಸುಮಾರು 10 ವೋಲ್ಟ್ ಕೊಡ್ತಾರೆ. ಪದರಗಳ ನಡುವಿನ ಅಂತರ ಬರೀ 0.335 ನ್ಯಾನೋಮೀಟರ್. ನೀರು ಮತ್ತು ಸಲ್ಫೇಟ್ ಅಯಾನು ಅಂಚಿನಿಂದ ಒಳಗೆ ನುಗ್ಗಿ, ಅಲ್ಲೇ ಗ್ಯಾಸ್ ಹುಟ್ಟಿ ಪದರಗಳನ್ನು ಎಬ್ಬಿಸುತ್ತೆ. ಕೆಲವೇ ನಿಮಿಷದಲ್ಲಿ ಕಪ್ಪು ಚೂರುಗಳು ಬಿಚ್ಚಿಕೊಳ್ತವೆ. ಎಲ್ಲವೂ ಒಂಟಿ ಪದರ ಆಗಿರಲ್ಲ, ಸ್ವಲ್ಪ ಆಕ್ಸಿಜನ್ನೂ ಅಂಟಿಕೊಂಡಿರುತ್ತೆ. ನಮ್ಮ ಗ್ಲಾಸಿನಲ್ಲಂತೂ ಗ್ರಾಫೀನ್ ಸಿಗಲಿಲ್ಲ ಅಂದುಕೊಳ್ಳಿ. ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಜೊತೆ ಜೇಡಿಮಣ್ಣೂ ಇರುತ್ತೆ.

ಆದರೆ ನೋಡ್ರಿ, ಗ್ರಾಫೀನ್ ಅಂದ್ರೆ ಕಾರ್ಬನ್, ಬೆಂಜೀನ್ ಥರದ ಆರು ಮೂಲೆಯ ಉಂಗುರಗಳ ಬಲೆ. ಅದನ್ನು ಬಿಡಿಸೋದು ವಿದ್ಯುದ್ವಿಭಜನೆ. ಮೂರೂ ಫ್ಯಾರಡೆಯ ಕೈಯಲ್ಲಿ ಹಾದುಹೋದವೇ. ಮೂರೂ ಒಂದು ದಿನ ಒಂದೇ ಪಾತ್ರೆಯಲ್ಲಿ ಸೇರ್ತವೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಪ್ರತಿಯೊಂದನ್ನೂ ಸರಿಯಾಗಿ ಮಾಡಿಟ್ಟು ಹೋದ.

ಗಜೇಂದ್ರಗಡಕ್ಕೆ ಫೋನ್ ಮಾಡಿ ಆ ಹುಡುಗಿಗೆ ಉತ್ತರ ಹೇಳಿದ್ದೀನಿ. ಗಣಿತದ ಬ್ಯಾಕ್ ತೆಗೆಯೋದು ಇನ್ನೂ ಬಾಕಿ.